ಹತ್ತು ನಿಮಿಷದ ಮೇಷ್ಟ್ರು

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಗಾದೆ ಕಟ್ಟಿದವರು ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಕಡೆ ಬಂದವರಲ್ಲ. ಬಂದಿದ್ದರೆ ಒಲೆಯ ವಿಷಯ ಹಾಗೇ ಬಿಟ್ಟು, ಮನೆಯ ವಿಷಯವನ್ನು ತಿದ್ದಿ ಬರೆಯುತ್ತಿದ್ದರು. ಆ ಊರಿನ ಬಂದರಿನ ಹಿಂದಿನ ಬೀದಿಯಲ್ಲಿ ಮಾಲ್ಟ್‌ಬಿ ದಂಪತಿಗಳ ಮನೆ ಕೆಡುವ ಹಂತಕ್ಕೆ ಬಂದದ್ದು ಮಾತಿನಿಂದಲ್ಲ, ಹನ್ನೊಂದು ದಿನದ ಮೌನದಿಂದ.

ಮೌನ ಕ್ಲೈವ್ ಮಾಲ್ಟ್‌ಬಿಯದು ಎಂದರೆ ಅವನನ್ನು ಬಲ್ಲವರು ನಂಬಲಾರರು. ಮೀನು ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಹರಾಜು ಕೂಗಿದವನು ಅವನು. ಅವನು ಬಾಯಿ ತೆರೆದರೆ ಪೆಟ್ಟಿಗೆಯಲ್ಲಿ ಸತ್ತು ಬಿದ್ದ ಮೀನೂ ಒಮ್ಮೆ ಬಾಲ ಅಲ್ಲಾಡಿಸುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು. ಆಮೇಲೆ ಹರಾಜೆಲ್ಲ ಕಂಪ್ಯೂಟರಿಗೆ ಹೋಯಿತು, ಕ್ಲೈವ್ ಮನೆಗೆ ಬಂದ, ಗಂಟಲು ಮಾತ್ರ ನಿವೃತ್ತಿಯಾಗಲಿಲ್ಲ. ಆಕಾಶದಲ್ಲಿ ಮೋಡ ಬಂದರೆ ಹೆಂಡತಿ ಬೆರಿಲ್‌ಗೆ ಕೂಗಿ ಹೇಳುತ್ತಿದ್ದ, ಹೋದರೂ ಹೇಳುತ್ತಿದ್ದ. ಬೆಳಗ್ಗೆ ರೊಟ್ಟಿ ಸುಡುವಾಗ ಅದು ಯಾವ ಬಣ್ಣಕ್ಕೆ ತಿರುಗಿತು ಎಂಬುದನ್ನು ಹಂತಹಂತವಾಗಿ ಸಾರುತ್ತಿದ್ದ.

ಹೊತ್ತು ಕಳೆಯಲು ಅವನು ಕೆಲವು ವಿದ್ಯೆಗಳನ್ನೂ ಕೈಗೆತ್ತಿಕೊಂಡ. ಮೊದಲು ಜೇನು ಸಾಕಿದ. ಒಂದು ಬೆಳಗ್ಗೆ ಜೇನುಗಳು ಸಂಸಾರ ಸಮೇತ ಪಕ್ಕದ ಮನೆಯ ಎನಿಡ್ ಸ್ಟೇಂಟನ್‌ಳ ಹೊಗೆಗೂಡಿಗೆ ಮನೆ ಬದಲಾಯಿಸಿದವು. ಆಮೇಲೆ ಅಕಾರ್ಡಿಯನ್ ನುಡಿಸಲು ಕಲಿತ, ಅಂದರೆ ಅರ್ಧ ಹಾಡು ಕಲಿತ. ಕೊನೆಗೆ ಬೀಟ್‌ರೂಟಿನಿಂದ ವೈನ್ ಮಾಡಲು ಹೋಗಿ, ಒಂದು ಭಾನುವಾರ ಹದಿನಾಲ್ಕು ಸೀಸೆಗಳು ಪಟಾಕಿಯ ಸರದಂತೆ ಸಿಡಿದು ಉಗ್ರಾಣದ ಸೂರು ಇವತ್ತಿಗೂ ಕೆಂಪಗಿದೆ.

ಆ ಸೂರಿನ ಕೆಳಗೆ ನಿಂತು ಬೆರಿಲ್ ಶಾಂತವಾಗಿಯೇ ಹೇಳಿದ್ದಳು: "ನೋಡು ಕ್ಲೈವ್, ಇನ್ಮೇಲೆ ಏನೇ ಹೊಸದು ಶುರು ಮಾಡು, ನನಗೆ ಹೇಳ್ಬೇಡ. ಮುಗಿಸಿದ್ಮೇಲೆ ಹೇಳು. ಮುಗಿದಿರೋ ಕೆಲಸ ಹೇಗಿರುತ್ತೆ ಅಂತ ಒಂದ್ಸಲ ನಾನೂ ನೋಡ್ತೀನಿ."

ಬೇರೆ ಗಂಡಸಾದರೆ ಈ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಕ್ಲೈವ್‌ಗೆ ಅದು ನಾಟಿತು. ಒಂದನ್ನಾದರೂ ಮುಗಿಸಿ ಅವಳ ಕೈಯಲ್ಲಿಡಬೇಕು ಎಂದು ಹಟ ಹುಟ್ಟಿತು. ಅದೇ ವಾರ ಗ್ರಂಥಾಲಯದ ಗೋಡೆಯಲ್ಲಿ ಒಂದು ಚೀಟಿ ಕಂಡಿತು. ಬೇರೆ ದೇಶಗಳಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರಾಗಿ, ನಾಲ್ಕು ವಾರಗಳ ತರಬೇತಿ, ಕೊನೆಯಲ್ಲಿ ಪ್ರಮಾಣಪತ್ರ. ಕ್ಲೈವ್ ಅದನ್ನು ಎರಡು ಸಲ ಓದಿದ. ಹುಟ್ಟಿದಾರಭ್ಯ ಮಾಡಿಕೊಂಡು ಬಂದದ್ದೇ ಇಂಗ್ಲಿಷ್ ಮಾತಾಡುವ ಕೆಲಸ, ಅದಕ್ಕೊಂದು ಪತ್ರ ಬೇರೆ ಕೊಡುತ್ತಾರಲ್ಲ ಎಂದುಕೊಂಡ. ಮನೆಯಲ್ಲಿ ಮಾತ್ರ, ಹೆಂಡತಿಯ ಆಜ್ಞೆಯನ್ನು ಅಕ್ಷರಶಃ ಪಾಲಿಸಿ, "ಊರಾಚೆ ತರಕಾರಿ ಮಡಿ ಬಾಡಿಗೆಗೆ ಹಿಡ್ದಿದೀನಿ, ದಿನಾ ಹೋಗಿ ಬರ್ತೀನಿ" ಎಂದ.

ತರಬೇತಿ ಹಳೆಯ ಪ್ರಾರ್ಥನಾ ಮಂದಿರವೊಂದರ ಹಜಾರದಲ್ಲಿ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ನಿಜವಾದ ವಿದ್ಯಾರ್ಥಿಗಳು. ಮೀನಿನ ಶೆಡ್ಡುಗಳಲ್ಲಿ ದುಡಿಯುವವರು, ಕ್ಷೌರದಂಗಡಿಯವರು, ಯುದ್ಧ ಬಿಟ್ಟು ಬಂದವರು, ಎಲ್ಲರಿಗೂ ಉಚಿತ ಪಾಠ. ತರಬೇತಿಗೆ ಸೇರಿದ ಒಬ್ಬೊಬ್ಬರೂ ಅವರಿಗೆ ಮೂರು ಪಾಠ ಮಾಡಬೇಕು. ತರಬೇತಿ ಕೊಡುವ ಇಮೋಜೆನ್ ಎಂಬಾಕೆ ಹಿಂದಿನ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಾಳೆ, ನಡುವೆ ಕೊಲೆ ನಡೆದರೂ ಬಾಯಿ ಹಾಕುವಂತಿಲ್ಲ. ಮೂರನೆಯ ಪಾಠ ಗೆದ್ದರೆ ಪತ್ರ, ಸೋತರೆ ಕೈಕುಲುಕಿ ವಿದಾಯ.

ಮೊದಲ ಪಾಠ ಹಣ್ಣುಗಳ ಹೆಸರು. ಕ್ಲೈವ್ ಸೇಬು ಎಂದ. ಸೇಬು ಎಂದ ಕೂಡಲೇ ಅವನ ಮಾವನ ತೋಟ ನೆನಪಾಯಿತು, ತೋಟದಿಂದ ಮಾವ, ಮಾವನಿಂದ ಮಾವನ ದೋಣಿ, ದೋಣಿಯಿಂದ ಐಸ್‌ಲ್ಯಾಂಡ್ ಕಡೆಯ ಬಿರುಗಾಳಿ. ಬಿರುಗಾಳಿ ಇಳಿಯುವಷ್ಟರಲ್ಲಿ ಗಂಟೆ ಹೊಡೆಯಿತು. ವಿದ್ಯಾರ್ಥಿಗಳು ಕಣ್ಣು ಪಿಳಿಪಿಳಿ ಬಿಡುತ್ತ, ಅರ್ಥವಾಗದ ಪೂಜೆಗೆ ಕೂತವರ ಭಕ್ತಿಯಿಂದ ಕೂತಿದ್ದರು. ಎದ್ದು ಹೋಗುವಾಗ ಒಬ್ಬೊಬ್ಬರೂ 'ಸೇಬು' ಎಂದು ಅವನಿಗೆ ನಮಸ್ಕಾರ ಹೇಳಿದರು.

ಇಮೋಜೆನ್ ಕೈಯಲ್ಲಿದ್ದ ಗಡಿಯಾರ ನೋಡಿದಳು. "ಕ್ಲೈವ್, ನಲವತ್ತು ನಿಮಿಷದ ಪಾಠದಲ್ಲಿ ನೀವು ಮೂವತ್ತಾರು ನಿಮಿಷ ಮಾತಾಡಿದ್ರಿ."

"ಉಳಿದ ನಾಲ್ಕು ನಿಮಿಷ ಏನಾಯ್ತು?" ಎಂದ ಕ್ಲೈವ್, ತುಸು ಆತಂಕದಿಂದ.

"ನೀರು ಕುಡಿದ್ರಿ. ಒಟ್ಟಿನಲ್ಲಿ ತುಂಬಾ ಕುತೂಹಲಕರವಾಗಿತ್ತು."

ಆ ದೇಶದಲ್ಲಿ ಒಬ್ಬರ ಕೆಲಸವನ್ನು ಕುತೂಹಲಕರ ಎಂದರೆ, ವೈದ್ಯರು ಹೊರಗೆ ಬಂದು ಮನೆಯವರು ಯಾರಿದ್ದೀರಿ ಎಂದು ಕೇಳಿದಷ್ಟೇ ಅಪಶಕುನ. ಎರಡನೆಯ ಪಾಠದಲ್ಲಿ ಅವನು ಹಲ್ಲು ಕಚ್ಚಿ ಹಿಡಿದುಕೊಂಡ. ಮೂವತ್ಮೂರು ನಿಮಿಷಕ್ಕೆ ಇಳಿಯಿತು. ಇಮೋಜೆನ್ ಅದನ್ನು "ನಿಜಕ್ಕೂ ತುಂಬಾನೇ ಕುತೂಹಲಕರ" ಎಂದಳು.

ಆಮೇಲೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು: "ಮೂರನೇ ಪಾಠದಲ್ಲಿ ನಿಮಗೆ ಹತ್ತೇ ನಿಮಿಷ. ಹತ್ತು ದಾಟಿದ್ರೆ ನನ್ನ ಕೈಲೂ ಏನೂ ಇಲ್ಲ. ಮೇಷ್ಟ್ರು ಸುಮ್ಮನಿದ್ದಷ್ಟೂ ವಿದ್ಯಾರ್ಥಿ ಮಾತಾಡ್ತಾನೆ, ಕ್ಲೈವ್. ಕೈ ಇದೆ, ಮುಖ ಇದೆ, ಅಭಿನಯಿಸಿ ತೋರಿಸಿ. ಅರ್ಥ ಆಯ್ತಾ ಅಂತ ಮಾತ್ರ ಕೇಳ್ಬೇಡಿ, ಎಲ್ಲರೂ ಹೂಂ ಅಂತಾರೆ. ಬದಲಿಗೆ ಚಿಕ್ಕ ಚಿಕ್ಕ ಪ್ರಶ್ನೆ ಹಾಕಿ. ಇದು ಈಗಲೋ ಆಮೇಲೋ, ಒಳಗೋ ಹೊರಗೋ, ಹೀಗೆ. ಕೇಳಿದ್ಮೇಲೆ ಉತ್ತರಕ್ಕೆ ಕಾಯಿರಿ. ಮನೇಲಿ ಅಭ್ಯಾಸ ಮಾಡಿ."

ಪಾಪ, ಆಕೆ ಹೇಳಿದ್ದು ಒಳ್ಳೆಯದಕ್ಕೇ. ಕ್ಲೈವ್ ಸೋಮವಾರ ಬೆಳಗ್ಗೆಯಿಂದಲೇ ಮನೆಯಲ್ಲಿ ಅಭ್ಯಾಸ ಶುರು ಮಾಡಿದ.

ಬೆರಿಲ್ ತಿಂಡಿಗೆ ಕೂತಾಗ ಗಂಡ ಬಾಯಿ ಬಿಡಲಿಲ್ಲ. ರೊಟ್ಟಿ ಸುಟ್ಟಿತು, ಅದರ ಬಣ್ಣ ಯಾರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಗಾಳಿಯಲ್ಲಿ ಒಂದು ಉರುಟು ಆಕಾರ ಬರೆದು, ಅದರ ಸಿಪ್ಪೆ ಸುಲಿದು, ಮುಖ ಹುಳಿ ಮಾಡಿಕೊಂಡು, ಆಮೇಲೆ ಬೆರಳಿನಿಂದ ರೊಟ್ಟಿಯ ಮೇಲೆ ಏನನ್ನೋ ಸವರಿದ. ಕಿತ್ತಳೆ ಜಾಮು ಕೊಡು ಎಂದು ಅದರರ್ಥ. ಬೆರಿಲ್ ಅವನನ್ನೇ ನೋಡುತ್ತ ಉಪ್ಪಿನ ಡಬ್ಬಿ ಮುಂದೆ ತಳ್ಳಿದಳು.

ಅವನು ತನ್ನ ಬಟ್ಟಲನ್ನು ಎತ್ತಿ ಹಿಡಿದು ನಿಧಾನವಾಗಿ ಕೇಳಿದ: "ಬೆರಿಲ್. ಇದು ಟೀನಾ, ಕಾಫೀನಾ?"

"ಟೀ," ಎಂದಳು ಬೆರಿಲ್.

"ಭೇಷ್," ಎಂದು ಕ್ಲೈವ್ ಹೆಬ್ಬೆರಳು ತೋರಿಸಿದ. ಎದ್ದು ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತು ಮತ್ತೆ ಕೇಳಿದ: "ಈಗ ನಾನು ಹೊರಗೆ ಹೋಗ್ತಿದೀನಾ, ಒಳಗೆ ಬರ್ತಿದೀನಾ?"

"ಹೊರಗೆ ಕಣೋ," ಎಂದಳು ಬೆರಿಲ್.

"ತುಂಬಾ ಚೆನ್ನಾಗಿ ಹೇಳ್ದೆ," ಎಂದು ಅವನು ನಗುತ್ತ ಹೊರಟುಹೋದ. ಬೆರಿಲ್ ಅಡಿಗೆಮನೆಯ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಅವಳ ತಂದೆಗೂ ಕೊನೆಗಾಲದಲ್ಲಿ ಹೀಗೆಯೇ ಒಳಗು ಹೊರಗು ತಪ್ಪಿತ್ತು.

ಸಂಜೆ ಅವನು 'ನಮ್ಮ ಮಡಿಯದು' ಎಂಬಂತೆ ಎದೆ ಮುಟ್ಟಿ ತೋರಿಸಿ ಮೇಜಿನ ಮೇಲಿಟ್ಟ ಕ್ಯಾರೆಟ್ಟಿನ ಕಟ್ಟಿಗೆ ಅಂಗಡಿಯ ಚೀಟಿ ಅಂಟಿಯೇ ಇತ್ತು. ಅದನ್ನೂ ಬೆರಿಲ್ ರೋಗದ ಲೆಕ್ಕಕ್ಕೆ ಸೇರಿಸಿದಳು.

ಪಕ್ಕದ ಎನಿಡ್‌ಗೆ ಎಪ್ಪತ್ತಾರು ವರ್ಷ, ಕಣ್ಣು ಮಾತ್ರ ಇಪ್ಪತ್ತರದು. ಅವಳ ಮಹಡಿಯ ಕಿಟಕಿಗೆ ಮಾಲ್ಟ್‌ಬಿಯವರ ಹಿತ್ತಲು ಬಟ್ಟಲಲ್ಲಿಟ್ಟಂತೆ ಕಾಣುತ್ತದೆ. ಕ್ಲೈವ್ ಅಲ್ಲಿ ಒಬ್ಬನೇ ನಿಂತು ಹೊಟ್ಟೆ ಹಿಡಿದುಕೊಂಡು ಬಗ್ಗುವುದನ್ನು, ದವಡೆ ಒತ್ತಿಕೊಂಡು ಕುಣಿಯುವುದನ್ನು, ಕೊನೆಗೆ ಎದೆ ಹಿಡಿದು ಹುಲ್ಲಿನ ಮೇಲೆ ಉರುಳುವುದನ್ನು ಅವಳು ಕಣ್ಣಾರೆ ಕಂಡಳು. ಅದು ಮೂರನೆಯ ಪಾಠದ ತಯಾರಿ. ಉರುಳಿದವನು ಎದ್ದು ಮತ್ತೆ ಉರುಳಿದ, ಸರಿಯಾಗಿ ಬರಲಿಲ್ಲವೆಂದು.

ಮರುದಿನ ಎನಿಡ್ ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಹಾಸಿ ಬೇಯಿಸಿದ ಒಂದು ಪೈ ಹಿಡಿದುಕೊಂಡು ಬಂದಳು.

"ಸ್ವಲ್ಪ ಜಾಸ್ತಿ ಆಯ್ತು ಕಣಮ್ಮ, ಅದಕ್ಕೆ ತಂದೆ. ಹವಾ ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ," ಎಂದಳು ಬೆರಿಲ್.

"ಕ್ಲೈವ್ ಚೆನ್ನಾಗಿದಾನಾ?"

"ಚೆನ್ನಾಗಿದಾನೆ."

"ಒಳ್ಳೇದು. ಗಾಳಿ ಸ್ವಲ್ಪ ಜಾಸ್ತಿ."

"ಹೌದು. ಗಾಳಿ ಸ್ವಲ್ಪ ಜಾಸ್ತಿ."

ಇಷ್ಟೇ ಮಾತು. ಅಷ್ಟರಲ್ಲಿ ಇಬ್ಬರೂ ಎಲ್ಲವನ್ನೂ ಹೇಳಿಕೊಂಡಿದ್ದರು. ಹೋಗುವಾಗ ಎನಿಡ್ ಬೆರಿಲ್‌ಳ ಮೊಣಕೈಯನ್ನು ಒಂದು ಕ್ಷಣ ಒತ್ತಿದಳು. ಆ ಬೀದಿಯಲ್ಲಿ ಮೊಣಕೈ ಒತ್ತಿದರೆ ಬೇರೆ ಕಡೆ ಎದೆ ಬಡಿದುಕೊಂಡು ಅತ್ತಷ್ಟೇ ಸಮ.

ವಾರ ಕಳೆಯುವಷ್ಟರಲ್ಲಿ ಫ್ರಿಜ್ಜಿನಲ್ಲಿ ಐದು ಪೈ ಸೇರಿದವು. ಐದನೆಯದಕ್ಕೆ ಜಾಗವಿಲ್ಲದೆ ಹಾಲನ್ನು ಹೊರಗಿಡಬೇಕಾಯಿತು. ಹಾಲು ಹುಡುಕಲು ಹೋದ ಕ್ಲೈವ್ ಫ್ರಿಜ್ಜಿನ ಮುಂದೆ ಬಿಟ್ಟ ಕಣ್ಣು ಬಿಟ್ಟಂತೆ ನಿಂತ.

ಆ ಬೀದಿಯ ಪೈಗಳಿಗೆ ಒಂದು ಶಾಸ್ತ್ರವಿದೆ. ಒಂದು ಬಂದರೆ ಮನೆಯಲ್ಲಿ ಯಾರಿಗೋ ಜ್ವರ. ಎರಡು ಬಂದರೆ ಆಪರೇಷನ್. ಮೂರಕ್ಕೆ ಅಡಿಗೆ ಮಾಡುವ ಚೈತನ್ಯವೇ ಉಳಿದಿಲ್ಲ ಎಂದರ್ಥ. ಐದು ಪೈ ಬಂದದ್ದು ಬೀದಿಯ ಇತಿಹಾಸದಲ್ಲಿ ಒಂದೇ ಸಲ, ಎನಿಡ್‌ಳ ಗಂಡನ ಕೊನೆಯ ವಾರದಲ್ಲಿ. ಕ್ಲೈವ್ ಲೆಕ್ಕ ಹಾಕಿದ. ಮನೆಯಲ್ಲಿರುವವರು ಇಬ್ಬರು. ತಾನಂತೂ ಗುಂಡುಕಲ್ಲಿನಂತಿದ್ದೇನೆ. ಹಾಗಾದರೆ ಸಾಯುತ್ತಿರುವುದು ಬೆರಿಲ್.

ಒಂದೊಂದೇ ಕಣ್ಣಿಗೆ ಕಟ್ಟಿತು. ಅವಳ ಕಣ್ಣು ಕೆಂಪಗಿರುತ್ತದೆ. ನಲ್ಲಿ ಸುಮ್ಮನೆ ಹರಿಯುತ್ತಿರುತ್ತದೆ. ಕೇಳದೆಯೇ ಅವನಿಗಿಷ್ಟವಾದ ಹೊಗೆಯಾಡಿಸಿದ ಮೀನು ತಂದು ಬೇಯಿಸಿಡುತ್ತಾಳೆ. ನನ್ನಿಂದ ಮುಚ್ಚಿಡುತ್ತಿದ್ದಾಳೆ, ಪಾಪ, ನಾನು ತಡೆದುಕೊಳ್ಳಲಾರೆ ಎಂದು. ಕ್ಲೈವ್ ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಕೇಳಬಹುದಿತ್ತಲ್ಲ ಎಂದು ನೀವು ಹೇಳುತ್ತೀರಿ. ನಿಮಗೇನು, ಹೇಳುತ್ತೀರಿ. ಆ ಊರಿನಲ್ಲಿ ಅಂಥದ್ದನ್ನು ಬಾಯಿಬಿಟ್ಟು ಕೇಳುವುದೆಂದರೆ ಒಳಚಡ್ಡಿಯಲ್ಲಿ ಬೀದಿಗೆ ಬಂದಂತೆ. ಕಟ್ಟಿಕೊಂಡ ಹೆಂಡತಿಯಾದರೇನು, ಆಕೆಯಾಗಿ ಹೇಳುವವರೆಗೂ ಗಾಳಿ ಮಳೆಯ ಮಾತಾಡುತ್ತ ಕಾಯಬೇಕು. ಕ್ಲೈವ್ ಕಾದ. ಪಾತ್ರೆ ತೊಳೆದ, ಮಲಗುವ ಮುಂಚೆ ಅವಳ ಹಾಸಿಗೆಗೆ ಬಿಸಿನೀರಿನ ಚೀಲ ಇಟ್ಟ, ಹಾದು ಹೋಗುವಾಗ ಭುಜದ ಮೇಲೆ ಕೈಯಿಟ್ಟ. ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಪಾತ್ರೆ ತೊಳೆಯದವನು ತೊಳೆದದ್ದನ್ನು ಕಂಡು ಬೆರಿಲ್‌ಗೆ ಅನುಮಾನವೇ ಉಳಿಯಲಿಲ್ಲ. ಅವನಿಗೂ ಗೊತ್ತಾಗಿದೆ, ಹೋಗುವ ಮುಂಚೆ ಋಣ ತೀರಿಸುತ್ತಿದ್ದಾನೆ ಎಂದುಕೊಂಡಳು.

ಮಂಗಳವಾರ ಪಾದ್ರಿ ಓಲ್ಡ್‌ಫೀಲ್ಡ್ ಬಂದರು. ಎನಿಡ್ ಸುಮ್ಮನೆ ಒಂದು ಮಾತು ಕಿವಿಗೆ ಹಾಕಿದ್ದಳಂತೆ. ಅವರು ಸೋಫಾದಲ್ಲಿ ಗಂಡ ಹೆಂಡತಿಯರ ನಡುವೆ ಕೂತು, ಎರಡು ಬಿಸ್ಕತ್ತು ತಿಂದು, ಚರ್ಚಿನ ಸೂರು ಸೋರುವ ವಿಷಯ ತೆಗೆದರು.

"ಎಲ್ಲಕ್ಕೂ ಒಂದು ಕಾಲ ಅಂತ ಇರುತ್ತೆ," ಎಂದರು ಪಾದ್ರಿಗಳು, ಕ್ಲೈವ್‌ನ ಮುಖ ನೋಡಿ.

"ಸೂರಿಗಾ?" ಎಂದಳು ಬೆರಿಲ್.

"ಸೂರಿಗೂ," ಎಂದರು ಅವರು.

ಕ್ಲೈವ್ ತಲೆಯಾಡಿಸಿದ. ಹೆಂಡತಿಯನ್ನು ಕಳೆದುಕೊಳ್ಳಲಿರುವವನಿಗೆ ಪಾದ್ರಿ ಧೈರ್ಯ ಹೇಳುತ್ತಿದ್ದಾರೆ ಎಂದು ಅವನು ತಿಳಿದ. ಹೊರಡುವಾಗ ಅವರು ಇಬ್ಬರ ಕೈಯನ್ನೂ ಹಿಡಿದರು. ಇನ್ನೊಬ್ಬರ ಸಲುವಾಗಿ ತನ್ನ ಕೈ ಹಿಡಿದರೆಂದು ಇಬ್ಬರೂ ಕಣ್ಣು ಒರೆಸಿಕೊಂಡರು. ಪಾದ್ರಿಗಳು ಮಾತ್ರ ತೃಪ್ತಿಯಿಂದ ಸೈಕಲ್ ಹತ್ತಿದರು.

ಅವತ್ತು ಕ್ಲೈವ್ ತರಬೇತಿ ಬಿಟ್ಟುಬಿಡುವ ಯೋಚನೆ ಮಾಡಿದ. ಅವಳಿಗೆ ಉಳಿದಿರುವ ದಿನಗಳಲ್ಲಿ ಪಕ್ಕದಲ್ಲಿ ಕೂರುವುದು ಬಿಟ್ಟು ಹಜಾರದಲ್ಲಿ ಕೈಕಾಲು ಆಡಿಸುವುದು ಯಾವ ನ್ಯಾಯ? ಆದರೆ ಇದನ್ನೂ ಅರ್ಧಕ್ಕೆ ಬಿಟ್ಟರೆ, ಗಂಡ ಒಂದನ್ನಾದರೂ ಮುಗಿಸಿದ್ದನ್ನು ನೋಡದೆಯೇ ಅವಳು ಹೋಗಿಬಿಡುತ್ತಾಳೆ. ಈ ಯೋಚನೆ ಬಂದದ್ದೇ ಅವನು ಹಿತ್ತಲಿಗೆ ಹೋಗಿ ಎದೆ ಹಿಡಿದು ಮತ್ತೆ ಹನ್ನೆರಡು ಸಲ ಉರುಳಿದ. ಕಿಟಕಿಯಲ್ಲಿದ್ದ ಎನಿಡ್ ಆರನೆಯ ಪೈಗೆ ಆಲೂಗಡ್ಡೆ ಬೇಯಲಿಟ್ಟಳು.

ಮೂರನೆಯ ಪಾಠ ಗುರುವಾರ ಮಧ್ಯಾಹ್ನ. ಎಂದಿನಂತೆ ಕ್ಲೈವ್ ಮಡಿಗೆ ಎಂದು ಹೊರಟ. ಕಾಲಲ್ಲಿ ಭಾನುವಾರ ಚರ್ಚಿಗೆ ಹಾಕುವ ಹೊಳೆಯುವ ಬೂಟು. ತರಕಾರಿ ಮಡಿಗೆ ಆ ಬೂಟು ಹಾಕಿ ಹೊರಟವನನ್ನು ಒಂಟಿಯಾಗಿ ಬಿಡುವುದು ಸರಿಯಲ್ಲವೆಂದು ಎನಿಡ್ ತನ್ನ ಪುಟ್ಟ ಕಾರು ತೆಗೆದಳು. ಬೆರಿಲ್ ಪಕ್ಕದಲ್ಲಿ ಕೂತಳು. ಬಸ್ಸಿನ ಹಿಂದೆಯೇ ಹೋದ ಕಾರು ಪ್ರಾರ್ಥನಾ ಮಂದಿರದ ಮುಂದೆ ನಿಂತಿತು. ಬಾಗಿಲಲ್ಲಿ ಒಂದು ಹಲಗೆ ತೂಗುತ್ತಿತ್ತು: ಮೊದಲಿನಿಂದ ಮಾತಾಡಲು ಕಲಿಯಿರಿ. ಹೊಸಬರಿಗೆ ಸ್ವಾಗತ. ಉಚಿತ.

ಬೆರಿಲ್ ಅದನ್ನು ಓದಿ ಗೋಡೆ ಹಿಡಿದುಕೊಂಡಳು. "ಮತ್ತೆ ಮಾತು ಕಲಿಯೋಕೆ ಬರ್ತಿದಾನೆ, ಎನಿಡ್. ನನಗೆ ಗೊತ್ತಾಗದ ಹಾಗೆ, ಒಬ್ಬನೇ."

"ಧೈರ್ಯ ತಂದ್ಕೊ ಕಂದ," ಎಂದು ಎನಿಡ್ ಬಾಗಿಲು ತಳ್ಳಿದಳು.

ಒಳಗೆ ಪಾಠ ಬಹಳ ಚೆನ್ನಾಗಿ ನಡೆಯುತ್ತಿತ್ತು. ವಿಷಯ, ವೈದ್ಯರ ಬಳಿ ಮಾತು. ಕ್ಲೈವ್ ಹಲ್ಲುನೋವು, ಹೊಟ್ಟೆನೋವು, ಬೆನ್ನುನೋವುಗಳನ್ನು ಅಭಿನಯಿಸಿ ಮುಗಿಸಿದ್ದ. ಹದಿನೈದು ನಿಮಿಷದಲ್ಲಿ ಅವನು ಆಡಿದ ಮಾತು ಬರೀ ಏಳು ನಿಮಿಷದ್ದು. ಮೂಲೆಯಲ್ಲಿದ್ದ ಇಮೋಜೆನ್ ಗಡಿಯಾರವನ್ನು ಕಿವಿಗೆ ಹಿಡಿದು ಅದು ಓಡುತ್ತಿದೆಯೇ ಎಂದು ನೋಡಿಕೊಂಡಿದ್ದಳು. ಬಾಗಿಲು ತೆರೆದ ಹೊತ್ತಿಗೆ ಸರಿಯಾಗಿ ಕ್ಲೈವ್ ಎದೆ ಹಿಡಿದು, ಕಣ್ಣು ಮೇಲಕ್ಕೆ ಮಾಡಿ, ದೊಪ್ಪನೆ ನೆಲಕ್ಕೆ ಉರುಳಿದ.

ಇಪ್ಪತ್ತು ಜನ ಒಟ್ಟಿಗೆ, "ಎದೆ ನೋವು" ಎಂದರು.

ಕ್ಲೈವ್ ಮಲಗಿದಲ್ಲಿಂದಲೇ ಹೆಬ್ಬೆರಳು ಎತ್ತಿದ. ಎದ್ದು ಬಟ್ಟೆ ಕೊಡವಿಕೊಂಡಾಗ ಬಾಗಿಲಲ್ಲಿ ಹೆಂಡತಿ ಕಂಡಳು. ಬಿಳಿಚಿಕೊಂಡಿದ್ದಳು. ಕೊನೆಗೂ ತನಗೆ ಹೇಳಲೆಂದೇ ಬಂದಿದ್ದಾಳೆ ಎಂದು ಅವನಿಗೆ ಅನ್ನಿಸಿತು.

ಬಾಗಿಲ ಪಕ್ಕದಲ್ಲಿ ಕೂತಿದ್ದ ಅಬ್ರೆಹೆಟ್ ಎರಡು ಕುರ್ಚಿ ಎಳೆದಳು. ಎರಿಟ್ರಿಯಾದ ಹೆಂಗಸು, ಬೆಳಗ್ಗೆ ಮೀನು ಸೀಳುವ ಕೆಲಸ, ಕಲಿತದ್ದನ್ನು ಒಂದಕ್ಷರ ಬಿಡದೆ ಬಳಸುವ ಶಿಸ್ತು. "ಬನ್ನಿ. ಕುಳಿತುಕೊಳ್ಳಿ. ನೀವು ತಡವಾಗಿ ಬಂದಿದ್ದೀರಿ," ಎಂದಳು. ಎನಿಡ್‌ಳನ್ನು ಉಕ್ರೇನಿನ ಬೊಹ್ದಾನ್ ಎಂಬ ಎಲೆಕ್ಟ್ರಿಷಿಯನ್ ತನ್ನ ಪಕ್ಕಕ್ಕೆ ಕೂರಿಸಿಕೊಂಡ. ಇಬ್ಬರ ಕೈಗೂ ಒಂದೊಂದು ಹಾಳೆ ಬಂತು. ಇಮೋಜೆನ್ ಬಾಯಿ ಹಾಕುವಂತಿರಲಿಲ್ಲ. ಕ್ಲೈವ್‌ಗೆ ಬೇರೇನೂ ತೋಚದೆ, ಜೋಡಿಜೋಡಿಯಾಗಿ ಮಾತಾಡಿ ಎಂದು ಕೈಸನ್ನೆ ಮಾಡಿದ.

ಅಬ್ರೆಹೆಟ್ ಹಾಳೆ ನೋಡಿ, ಬೆರಿಲ್ ಕಡೆ ತಿರುಗಿ ಕೇಳಿದಳು: "ನಿಮಗೆ ಏನಾಗಿದೆ?"

"ಏನಿಲ್ಲಮ್ಮ, ಚೆನ್ನಾಗಿದೀನಿ."

ಅಬ್ರೆಹೆಟ್ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. "ಕ್ಷಮಿಸಿ. ಇಲ್ಲಿ 'ಚೆನ್ನಾಗಿದ್ದೇನೆ' ಎಂಬ ಉತ್ತರ ಇಲ್ಲ. ನಾವು ಮತ್ತೊಮ್ಮೆ ಮಾಡೋಣ. ನಿಮಗೆ ಏನಾಗಿದೆ?"

"ನಿಜವಾಗ್ಲೂ ಏನಿಲ್ಲ. ಹೊರಗೆ ಗಾಳಿ ಜಾಸ್ತಿ, ಅಷ್ಟೆ."

"ಗಾಳಿ ಕೂಡ ಇಲ್ಲಿ ಇಲ್ಲ. ಎಲ್ಲಿ ನೋಯುತ್ತಿದೆ? ಎಷ್ಟು ದಿನಗಳಿಂದ?"

ಜೀವಮಾನದಲ್ಲಿ ಬೆರಿಲ್‌ಳನ್ನು ಯಾರೂ ಹೀಗೆ ಕೇಳಿರಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು, ಉತ್ತರ ಬೇಕೇ ಬೇಕು ಎಂಬಂತೆ. "ಹನ್ನೊಂದು ದಿನದಿಂದ," ಎಂದಳು. ಅಷ್ಟೇ, ಕಟ್ಟೆ ಒಡೆಯಿತು. ಅಬ್ರೆಹೆಟ್ ಒಂದು ಕೈಯಲ್ಲಿ ಅವಳ ಕೈ ಹಿಡಿದು, ಇನ್ನೊಂದರಲ್ಲಿ ಉತ್ತರ ಬರೆದುಕೊಂಡಳು.

ಅತ್ತ ಎನಿಡ್‌ಳ ಮಾತು ಎರಡನೆಯ ಪುಟಕ್ಕೆ ಹೋಗಿತ್ತು. ಯಾರೋ ಎದುರು ಕೂತು ನಿಮಗೆ ಏನಾಗಿದೆ ಎಂದು ಕೇಳಲಿ ಎಂದು ಅವಳು ಒಂಬತ್ತು ವರ್ಷದಿಂದ ಕಾಯುತ್ತಿದ್ದಳೆಂದು ತೋರುತ್ತದೆ. ಬೊಹ್ದಾನ್ ಹಾಳೆಯ ಹಿಂಬದಿಯಲ್ಲೂ ಬರೆದ.

ಜೋಡಿ ಮಾತು ಮುಗಿದ ಮೇಲೆ ಒಬ್ಬೊಬ್ಬರು ಎದ್ದು ತಿಳಿದದ್ದನ್ನು ತರಗತಿಗೆ ಹೇಳುವುದು ಕ್ರಮ. ಕ್ಲೈವ್ ಕ್ರಮ ತಪ್ಪಿಸದೆ ಬೆರಳಿನಿಂದ ಬೊಹ್ದಾನ್‌ನನ್ನು ತೋರಿಸಿದ.

ಬೊಹ್ದಾನ್ ನೆಟ್ಟಗೆ ನಿಂತ. "ಇವರ ಹೆಸರು ಎನಿಡ್. ಇವರಿಗೆ ಸೊಂಟ ನೋವು. ಒಂಬತ್ತು ವರ್ಷಗಳಿಂದ. ಇವರ ನೆರೆಮನೆಯ ಪುರುಷನಿಗೆ ಮೆದುಳು ನೋವು. ಹನ್ನೊಂದು ದಿನಗಳಿಂದ. ಅವನು ಬೇಗನೆ ಸಾಯುತ್ತಾನೆ. ಇದು ದುಃಖದ ವಿಷಯ. ಧನ್ಯವಾದಗಳು."

ತರಗತಿ ಚಪ್ಪಾಳೆ ತಟ್ಟಿತು. ಕ್ಲೈವ್ ತಟ್ಟಲಿಲ್ಲ. ಎನಿಡ್‌ಳದು ಬೀದಿಯ ಕೊನೆಯ ಮನೆ. ಅವಳಿಗಿದ್ದ ನೆರೆಮನೆಯ ಪುರುಷ ಒಬ್ಬನೇ.

ಅಬ್ರೆಹೆಟ್ ತಾನಾಗಿಯೇ ಎದ್ದಳು. "ಇವರ ಹೆಸರು ಬೆರಿಲ್. ಇವರಿಗೆ ಎಲ್ಲಿ ನೋಯುತ್ತದೆ ಎಂದು ಇವರು ಹೇಳಲಿಲ್ಲ. ಇವರ ಗಂಡ ಮೂವತ್ತಾರು ವರ್ಷ ಮಾತಾಡಿದ. ಇವರು ಕಿವಿ ಮುಚ್ಚಿದರು. ಈಗ ಅವನು ಮಾತಾಡುವುದಿಲ್ಲ. ಈಗ ಮನೆಯಲ್ಲಿ ಇರಲು ಇವರಿಗೆ ಸಾಧ್ಯವಿಲ್ಲ." ಅವಳು ಹಾಳೆ ಮಡಚಿದಳು. ಬೆರಿಲ್ ಯಾರನ್ನು ನೋಡುತ್ತಿದ್ದಾಳೆಂದು ನೋಡಿದಳು. ಆಮೇಲೆ ಹಾಳೆಯಲ್ಲಿಲ್ಲದ ಪ್ರಶ್ನೆಯೊಂದನ್ನು ಸ್ವಂತವಾಗಿ ಕಟ್ಟಿದಳು: "ಮೇಷ್ಟ್ರೇ, ಆ ಗಂಡ ನೀವೇ?"

ಅವನ ಮಾತನ್ನಷ್ಟೇ ಅಳೆಯುವ ಇಮೋಜೆನ್‌ಳ ಗಡಿಯಾರ ಏಳು ನಿಮಿಷದಲ್ಲೇ ನಿಂತಿತ್ತು. ಇನ್ನು ಮೂರೇ ನಿಮಿಷ, ಅದು ದಾಟಿದರೆ ಪತ್ರ ಹೋಯಿತು ಎಂಬುದು ಕ್ಲೈವ್‌ಗೆ ಚೆನ್ನಾಗಿ ಗೊತ್ತಿತ್ತು. ಹಾಳಾಗಿ ಹೋಗಲಿ ಪತ್ರ ಎಂದುಕೊಂಡ.

"ಬೆರಿಲ್, ನಿನಗೆ ಏನೂ ಆಗಿಲ್ವಾ?"

"ನನಗೇನಾಗುತ್ತೆ? ಆಗಿರೋದು ನಿನಗೆ."

"ನನಗೇನಾಗಿದೆ? ಮತ್ತೆ ಆ ಪೈಗಳೆಲ್ಲ?"

"ಅವು ನಿನಗೆ ಬಂದಿದ್ದು ಕಣೋ."

"ನನಗೇ? ನಾನು ನಿನಗೆ ಅಂದ್ಕೊಂಡು ಒಂದು ತುತ್ತೂ ಮುಟ್ಟಲಿಲ್ಲ."

"ಪೈ ಎಂದರೇನು?" ಎಂದು ಬೊಹ್ದಾನ್ ಕೈಯೆತ್ತಿದ.

ಎನಿಡ್ ಅವನಿಗೆ ಹೇಳತೊಡಗಿದಳು. ಕ್ಲೈವ್ ಹೆಂಡತಿಯ ಮುಂದೆ ಮಂಡಿಯೂರಿ ಕೂತು ಹನ್ನೊಂದು ದಿನದ ಬೀಗ ಒಡೆದ. ತರಬೇತಿ, ಇಮೋಜೆನ್, ಸೇಬು, ಮೂವತ್ತಾರು ನಿಮಿಷ, ಕ್ಯಾರೆಟ್ಟು, ಒಂದನ್ನಾದರೂ ಮುಗಿಸಿ ನಿನ್ನ ಕೈಯಲ್ಲಿಡೋಣ ಅಂತ ಇದ್ದೆ ಕಣೇ, ಅಷ್ಟರಲ್ಲಿ ನೀನು ಸಾಯೋಕೆ ಶುರು ಮಾಡಿದೆ. ಅವನ ದನಿ ಏರುತ್ತ ಏರುತ್ತ ಹರಾಜಿನ ಕಟ್ಟೆ ಹತ್ತಿತು. ಕಿಟಕಿಯ ಗಾಜು ಅದುರಿತು. ಬೆರಿಲ್ ಬಾಯಿ ತೆರೆದು, ಬಹಳ ದಿನದ ಮೇಲೆ ರೇಡಿಯೋದಲ್ಲಿ ಹಳೆಯ ಹಾಡು ಬಂದಂತೆ, ಪೂರ್ತಿ ಎರಡು ನಿಮಿಷ ಕೇಳಿದಳು. ಮಾತು ಮಾವನ ದೋಣಿಯ ಕಡೆಗೆ ತಿರುಗಿದಾಗ ಅವನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಸಾಕು ಕ್ಲೈವ್. ಪಾಪ, ಅವರು ಕಲಿಯೋಕೆ ಅಂತ ಬಂದಿದಾರೆ, ಅವರು ಮಾತಾಡ್ಲಿ."

ಅವರು ಮಾತಾಡಿದರು. ಪೈ ಯಾಕೆ ಕೊಡುತ್ತಾರೆ, ಕೇಳುವುದಿಲ್ಲ ಏಕೆ, ಕೇಳಿದರೆ ಪೊಲೀಸರು ಬರುತ್ತಾರೆಯೇ ಎಂದು ಇಪ್ಪತ್ತು ಜನ ಎನಿಡ್‌ಳನ್ನೂ ಬೆರಿಲ್‌ಳನ್ನೂ ಗಂಟೆ ಹೊಡೆಯುವವರೆಗೆ ಬಿಡಲಿಲ್ಲ. ಕ್ಲೈವ್ ಹೆಂಡತಿಯ ಪಕ್ಕದಲ್ಲಿ ತುಟಿ ಒತ್ತಿ ಹಿಡಿದು ಕೂತಿದ್ದ.

ಬೊಹ್ದಾನ್ ಬಿಟ್ಟು ಉಳಿದವರೆಲ್ಲ ಹೋದ ಮೇಲೆ ಇಮೋಜೆನ್ ಬಂದಳು. "ಒಂಬತ್ತು ನಿಮಿಷ ನಲವತ್ತು ಸೆಕೆಂಡು. ಗೆದ್ರಿ ಕ್ಲೈವ್. ಹನ್ನೆರಡು ವರ್ಷದಲ್ಲಿ ವಿದ್ಯಾರ್ಥಿಗಳು ಇಷ್ಟು ಮಾತಾಡಿದ್ದು ನಾನು ನೋಡಿಲ್ಲ. ಇವರಿಬ್ಬರನ್ನ ಕರೆಸಿ ನಾಟಕ ಕಟ್ಟಿದ್ದು ನಿಮ್ಮದೇ ಯೋಚನೆನಾ?"

ಕ್ಲೈವ್ ಸತ್ಯ ಹೇಳಲು ಬಾಯಿ ತೆರೆದ. ಬೆರಿಲ್ ಅವನ ಕಾಲು ತುಳಿದಳು. "ಅವನದೇ," ಎಂದಳು.

ಪ್ರಮಾಣಪತ್ರ ಅಂಚೆಯಲ್ಲಿ ಬರುವುದಿತ್ತು. ಪಾಠ ಗೆದ್ದದ್ದಕ್ಕೆ ಸಹಿ ಮಾಡಿದ ಕಾಗದವನ್ನು ಇಮೋಜೆನ್ ಕೈಗೆ ಕೊಟ್ಟಳು. ಕ್ಲೈವ್ ಅದನ್ನು ಬೆರಿಲ್‌ಗೆ ಕೊಟ್ಟ. ಅವಳು ಎರಡು ಸಲ ಓದಿ, ಮಡಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎನಿಡ್ ಬೊಹ್ದಾನ್‌ಗೆ ಇನ್ನೂ ಸೊಂಟದ ವಿಷಯ ಹೇಳುವುದು ಬಾಕಿಯಿದ್ದುದರಿಂದ ಗಂಡ ಹೆಂಡತಿ ಬಸ್ ನಿಲ್ದಾಣಕ್ಕೆ ನಡೆದು ಬೆಂಚಿನ ಮೇಲೆ ಕೂತರು.

"ಬೆರಿಲ್," ಎಂದ ಕ್ಲೈವ್. "ನಿಜ ಹೇಳು. ನಿನಗೆ ಎಲ್ಲಾದ್ರೂ ನೋಯುತ್ತಾ?"

"ಚೆನ್ನಾಗಿದೀನಿ ಕಣೋ."

ಕ್ಲೈವ್ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತ ಕೂತ. ಏಳಕ್ಕೆ ಬೆರಿಲ್ ಕೈಚೀಲವನ್ನು ಆ ಕಡೆಯಿಂದ ಈ ಕಡೆ ಇಟ್ಟಳು. ಒಂಬತ್ತಕ್ಕೆ, "ಮೊಣಕಾಲು," ಎಂದಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಗಿರ್ಬೇಕು."

"ನನಗ್ಯಾಕೆ ಹೇಳ್ಲಿಲ್ಲ?"

"ಸಂದು ಸಿಕ್ಕಿದ್ರೆ ತಾನೇ."

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಬೆರಿಲ್ ಆಗಲೇ ಮೊಣಕಾಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ತನ್ನ ತಂಗಿ ಬರೆದ ಕಾಗದಕ್ಕೆ ಬಂದಿದ್ದಳು. ಡ್ರೈವರು ಬಾಗಿಲು ತೆರೆದು ಕಾದ. ಕ್ಲೈವ್ ಮಾತಾಡದೆ, ನೀನು ಹೋಗು ಎಂದು ಕೈ ಬೀಸಿದ. ಮುಂದಿನ ಬಸ್ಸನ್ನೂ ಹಾಗೆಯೇ ಕಳಿಸಿದ.